ಎಡಗಾಲು

ವಾಚಕ ಮಹಾಶಯರೇ, ಪಾದ ತೊಳೆಯುವ ವಿಧಿಗೆ ಕೂರುವವರು ಪಾದ ತೊಳೆದುಕೊಂಡೇ ಬರತಕ್ಕದ್ದೆಂಬ ನಿಯಮವು ಯಾವ ಧರ್ಮಗ್ರಂಥದಲ್ಲಿಯೂ ಇಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಅದು ತಡಸ ಗ್ರಾಮದ ಚಿಕ್ಕ ಕ್ರೈಸ್ತ ದೇವಾಲಯದಲ್ಲಿ ಗುರುಗಳಿಗೆ ನೆರವಾಗುವ ಉಪದೇಶಿ, ಊರವರ ಪಾಲಿನ ‘ಮಾಸ್ತರ’, ರಾಜಕುಮಾರನೆಂಬವನು ಮಾಡಿದ ನಿಯಮ. ಯೇಸುಸ್ವಾಮಿಯು ತನ್ನ ಹನ್ನೆರಡು ಮಂದಿ ಶಿಷ್ಯರ ಪಾದ ತೊಳೆದ ನೆನಪಿಗೆ, ಪವಿತ್ರ ಗುರುವಾರದ ಸಂಜೆ ಗುರುಗಳು ಊರಿನ ಹನ್ನೆರಡು ಮಂದಿಯ ಬಲಗಾಲು ತೊಳೆಯುವುದು ಅಲ್ಲಿಯ ಪದ್ಧತಿ. ಗುರುಗಳ ಕೈಗೆ ಮಣ್ಣು ಹತ್ತಬಾರದೆಂದು ರಾಜಕುಮಾರನು ಹದಿನೈದು ವರ್ಷಗಳಿಂದ ಆ ಹನ್ನೆರಡು ಮಂದಿಯನ್ನೂ ಹಿತ್ತಲ ನಲ್ಲಿಗೆ ಕರೆದೊಯ್ದು, ಸಾಬೂನು ಕೊಟ್ಟು, ತಿಕ್ಕಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದನು. ಈ ವರ್ಷ ಶಿಗ್ಗಾಂವಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ನಾನೂ ಅಲ್ಲಿ ನಿಂತು ನೋಡುತ್ತಿದ್ದೆನು.

“ನನ್ನ ಮದಿವ್ಯಾಗೂ ಇಷ್ಟ ತಿಕ್ಕಿದ್ದಿಲ್ಲ ಬಿಡ್ರಿ, ಮಾಸ್ತರ,” ಎಂದು ಅವರಲ್ಲೊಬ್ಬನು ನಗೆಯಾಡುತ್ತಿದ್ದಾಗ, ಹನ್ನೆರಡನೆಯವನು ಹೆಂಡತಿಯ ಹೆಗಲಿಗೆ ಭಾರ ಹಾಕಿ ಕುಂಟುತ್ತ ಬಂದನು. ಮೆಕ್ಕೆಜೋಳದ ಗೋದಾಮಿನ ಹಮಾಲ ದೇವಪುತ್ರಪ್ಪ. ಹನ್ನೆರಡು ಮಂದಿಯನ್ನಾರಿಸಲು ಈ ಸಲ ಎತ್ತಿದ ಚೀಟಿಯಲ್ಲಿ, ಅರವತ್ತೆರಡು ವರ್ಷಗಳ ಬಾಳಿನಲ್ಲಿ ಮೊದಲ ಬಾರಿಗೆ ಅವನ ಹೆಸರು ಬಂದಿತ್ತು. ಅವನ ಎಡಗಾಲಿಗೆ ಮೀನಖಂಡದವರೆಗೂ ಬಟ್ಟೆ ಸುತ್ತಿತ್ತು; ಚಪ್ಪಲಿ ಬಲಗಾಲಿಗೊಂದೇ. ಬಟ್ಟೆಯ ತುದಿ ಹಳದಿಯಾಗಿ ತೊಯ್ದಿತ್ತು.

ವಾಸನೆಗೆ ರಾಜಕುಮಾರನು ಒಂದು ಹೆಜ್ಜೆ ಹಿಂದೆ ಸರಿದನು. “ಸಕ್ಕರಿ ಬ್ಯಾನಿ ಗಾಯೇನು?”

“ಹೂಂನ್ರಿ,” ಎಂದಳು ಹೆಂಡತಿ ಅನ್ನವ್ವ. “ಮಾಸ್ತರ, ಫಾದರ್ ಎಡಗಾಲ ತೊಳಿಯೂದಿಲ್ಲೇನ್ರಿ?”

“ಪದ್ಧತಿ ಬಲಗಾಲಿಂದು, ಅಕ್ಕಾ. ಫಾದರ್ ಹೊಸಬರು, ಮಂಗಳೂರ ಕಡಿಯವರು. ಆ ಕಾಲ ಬೆಂಚಿನ ಕೆಳಗ ಮುಚ್ಚಿ ಇಡಸು. ಕುಂದ್ರಾಕ ಬಿಡೂದ ಹೆಚ್ಚಾತು.”

ಅನ್ನವ್ವ ಗಂಡನನ್ನು ನಲ್ಲಿಯ ಕಟ್ಟೆಗೆ ಆನಿಸಿ ನಿಲ್ಲಿಸಿದಳು. ದೇವಪುತ್ರಪ್ಪನು ಬಲಗಾಲನ್ನು ನಲ್ಲಿಯ ಕೆಳಗೆ ಒಡ್ಡಿದನು.

ಒಳಗೆ ಹಾಡು ಮೊದಲಾಯಿತು. ಫಾದರ್ ರೊನಾಲ್ಡ್ ಸೊಂಟಕ್ಕೆ ಬಿಳಿಯ ಟವೆಲ್ಲು ಕಟ್ಟಿಕೊಂಡು ಮಂಡಿಯೂರಿದರು. ಕಾಲಿಗೊಂದು ಗುಟುಕು ನೀರು, ಟವೆಲ್ಲಿನ ಒಂದು ಒತ್ತು, ಪಾದಕ್ಕಿಂತ ಒಂದು ಗೇಣು ಮೇಲೆಯೇ ನಿಂತು ಹಿಂದಿರುಗುವ ಒಂದು ಮುತ್ತು. ತಂಬಿಗೆ ಹಿಡಿದ ರಾಜಕುಮಾರನು ಹಾಡಿನ ಚರಣಕ್ಕೆ ಸರಿಯಾಗಿ ನೀರು ಹನಿಸುತ್ತ ಪಕ್ಕದಲ್ಲಿ ನಡೆದನು. ಹನ್ನೊಂದು ಪಾದಗಳು ಮುಗಿದರೂ ಬೋಗುಣಿಯ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಈ ವರ್ಷವೂ ಎಲ್ಲವೂ ಅಚ್ಚುಕಟ್ಟಾಯಿತೆಂದು ಅವನು ನಿಟ್ಟುಸಿರಿಟ್ಟನು.

ಹನ್ನೆರಡನೆಯ ಬಲಗಾಲು ಮುಂದೆ ಬಂತು.

“ಆ ಕಾಲ ಬ್ಯಾಡ್ರೀ, ಫಾದರ್.”

ಹೆಂಗಸರ ಜಮಖಾನೆಯ ಮೇಲೆ ಅನ್ನವ್ವ ಎದ್ದು ನಿಂತಿದ್ದಳು. ಹಾಡು ನಡುವೆಯೇ ನಿಂತಿತು.

“ಆ ಕಾಲ ಆರಾಮ ಐತ್ರಿ. ಎಡಗಾಲ ತೊಳೀರಿ.”

“ಅಕ್ಕಾ, ಕುಂದ್ರು!” ರಾಜಕುಮಾರನ ಪಿಸುಮಾತೇ ಗದರಿಕೆಯಾಗಿ ಕೇಳಿತು. “ಗಾಯ ಮಾಯಲಿ ಅಂತ ನಿಮ್ಮ ಮನಿಗೆ ಬಂದು ಪ್ರಾರ್ಥನಾ ಮಾಡೂಣು. ಇಲ್ಲಿ ಪೂಜಿ ನಡದೈತಿ.”

“ಮಾಯಲಿ ಅಂತ ನಾ ಕೇಳಾಕತ್ತಿಲ್ರಿ, ಮಾಸ್ತರ.” ಅವಳ ದನಿ ಏರಲಿಲ್ಲ. “ಸೋಮವಾರ ಹುಬ್ಬಳ್ಳಿ ದವಾಖಾನ್ಯಾಗ ಆ ಕಾಲ ತಗೀತಾರ. ನಲವತ್ತ ವರ್ಷ ಚೀಲ ಹೊತ್ತೈತ್ರಿ ಅದು, ಮೂರು ಮಕ್ಕಳ್ನ ಸಾಕೈತಿ. ಸತ್ತವರನ್ನ ಮೈ ತೊಳದು ಕಳಸ್ತೇವಿ. ಇದನ್ನ ಹಂಗ ಕಳಸೂದೇನ್ರಿ?”

ಫಾದರ್ ಮಂಡಿಯ ಮೇಲೆಯೇ ಸರಿದು, ಬೆಂಚಿನ ಕೆಳಕ್ಕೆ ಕೈ ಚಾಚಿ ಬಟ್ಟೆಯ ಗಂಟು ಹುಡುಕಿದರು. ಎಳೆದಂತೆಲ್ಲ ಗಂಟು ಬಿಗಿಯಿತೇ ಹೊರತು ಬಿಚ್ಚಲಿಲ್ಲ. ದೇವಪುತ್ರಪ್ಪನು ಹಲ್ಲು ಕಚ್ಚಿದನು.

“ಜಗ್ಗಬ್ಯಾಡ್ರಿ, ನೋಯ್ತೈತಿ. ನಿಮಗ ರೂಢಿ ಇಲ್ಲ.” ಅನ್ನವ್ವ ಬಂದು ನೆಲಕ್ಕೆ ಕುಳಿತು, ಗಂಡನ ಕಾಲನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಏಳು ತಿಂಗಳಿಂದ ದಿನವೂ ಅವಳೇ ಕಟ್ಟಿ ಅವಳೇ ಬಿಚ್ಚುತ್ತಿದ್ದ ಗಂಟು ಒಂದೇ ಎಳೆತಕ್ಕೆ ಸಡಿಲಿತು. “ನಾ ತೊಳೀತೇನಿ. ನೀವು ನೀರ ಹಾಕ್ರಿ.”

ಕಪ್ಪಿಟ್ಟ ಬೆರಳುಗಳು ಬೆಳಕಿಗೆ ಬಂದವು. ಯಾರೋ ಮೂಗಿಗೆ ಸೆರಗು ಹಿಡಿದರು. ಫಾದರ್ ರಾಜಕುಮಾರನತ್ತ ಕೈ ನೀಡಿದರು. “ತಂಬಿಗೆ ಕೊಡಿ.”

“ಫಾದರ್, ಇದು ವಿಧಿಯೊಳಗ ಇಲ್ರಿ...”

“ಗೊತ್ತು. ಕೊಡಿ.”

ಹಾಡು ನಿಂತ ದೇವಾಲಯದಲ್ಲಿ ನೀರು ಬೀಳುವ ಸದ್ದೊಂದೇ ಕೇಳಿಸಿತು. ಅನ್ನವ್ವ ಎಳೆಯ ಸೊಪ್ಪನ್ನು ತೊಳೆಯುವಂತೆ ಒಂದೊಂದೇ ಬೆರಳಿನ ಸಂದಿಯನ್ನು ತೊಳೆದಳು. ಬೋಗುಣಿಯ ನೀರು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಹದಿನೈದು ವರ್ಷಗಳಲ್ಲಿ ಮೊದಲ ಬಾರಿ ರಾಜಕುಮಾರನ ಕೈಗಳು ಆ ಹೊತ್ತಿನಲ್ಲಿ ಬರಿದಾಗಿದ್ದವು. ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತವನು, ಕಡೆಗೆ ತಾನೂ ಕೆಳಗೆ ಕುಳಿತು, ಆ ಕಾಲಿನ ಹಿಮ್ಮಡಿಗೆ ಅಂಗೈ ಆನಿಸಿದನು. ಕಾಲು ಇನ್ನೂ ಬೆಚ್ಚಗಿತ್ತು.

ದೇವಪುತ್ರಪ್ಪನು ಬಾಗಿ ಹೆಂಡತಿಯ ತಲೆಯನ್ನು ಮುಟ್ಟಿದನು. “ಸಾಕು ಬಿಡು, ಅನ್ನವ್ವ,” ಎಂದನು. “ಇನ್ನ ಹೋಗಲಿ.”

ಶಿಗ್ಗಾಂವಿಯ ಬಸ್ಸಿಗೆ ವೇಳೆಯಾಗಿತ್ತು. ನಾನು ಚೀಲವನ್ನು ಹೆಗಲಿಗೇರಿಸಿ ಹೊರಬಿದ್ದೆನು. ಬಾಗಿಲಲ್ಲಿ ಜೋಡಿ ಜೋಡಿಯಾಗಿ ಬಿಟ್ಟಿದ್ದ ಚಪ್ಪಲಿಗಳ ನಡುವೆ ಬಲಗಾಲಿನ ಚಪ್ಪಲಿಯೊಂದು ಒಂಟಿಯಾಗಿ ಮಗುಚಿ ಬಿದ್ದಿತ್ತು. ಅದನ್ನು ನೆಟ್ಟಗೆ ಮಾಡಿಟ್ಟು ನಡೆದೆನು.