ಹುಳಿಜೇನು

"ಸೊಸೆ ಮನೆ ಸೇರಿ ಕೊಡ ಇಳ್ಸುದ್ಲು. ನೀನೂ ಇಳ್ಸಪ್ಪಾ, ಸಾಕು!"

ಏಳು ತಿಂಗಳ ಬಸುರಿ ದೇವಿರಮ್ಮ ಬಗ್ಗಲಾರದೆ ಕಂಬ ಹಿಡಿದು ನಿಂತೇ ಕೂಗಿದಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅವಳಪ್ಪ ಪುಟ್ಟಮಾದಯ್ಯ ಚಿಪ್ಪಿನ ಸೌಟೆತ್ತಿ, ಪಕ್ಕದ ತಟ್ಟೆಗೆ ನಾಲ್ಕು ತೊಟ್ಟು ಬಿಟ್ಟು ತೋರಿಸಿದ. "ನೋಡವ್ವ, ನೀರಂಗೆ ಅರೀತಾ ಅದೆ. ಕತೆ ಕೇಳ್ಕಂಡು ಪಾಕ ಬತ್ತದಾ? ಮದ್ದೂರಿಂದ ಮಳವಳ್ಳಿಗಂಟ ಯಾವ ಆಲೆಮನೇಲಾದ್ರೂ ಇಚಾರ್ಸು, ನಿಮ್ಮಪ್ಪನ ಕಣ್ಣು ಒಂದ್ಸಲನಾದ್ರೂ ತಪ್ಪದಾ ಅಂತ."

ತಪ್ಪಿರಲಿಲ್ಲ, ನಿಜ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಬೆಲ್ಲವಾಗುವ ಗಳಿಗೆಯನ್ನು ಹಿಡಿಯುವುದಕ್ಕೆ ಸುತ್ತಲ ಊರಿನವರು ಗಾಡಿ ಕಟ್ಟಿಕೊಂಡು ಬಂದು ಅವನನ್ನು ಕರೆದೊಯ್ಯುತ್ತಿದ್ದರು. ಆದರೆ ಈ ಹೊತ್ತು ಮಡಕೆಯಲ್ಲಿದ್ದದ್ದು ಬೆಲ್ಲವಲ್ಲ, ಸಿರ್ಕಾ, ಕಬ್ಬಿನ ಹಾಲಿನ ಹುಳಿರಸ. ಮದ್ದೂರು ಪೇಟೆಯ ಸುಲ್ತಾನ್ ಬೀಯಿಂದ ಅದನ್ನು ಕಲಿತು ಬಂದಿದ್ದವಳು ದೇವಿರಮ್ಮನ ಅವ್ವ ಪಟ್ಟಲಮ್ಮ. ವರ್ಷಕ್ಕೊಂದು ಜಾಡಿ ಕಬ್ಬಿನ ಹಾಲಿಗೆ ಬಾಯಿಬಟ್ಟೆ ಕಟ್ಟಿ ಅಟ್ಟದ ಮೇಲೆ ಹುಳಿಯಲು ಬಿಡುತ್ತಿದ್ದಳು. ಹುಳಿತದ್ದನ್ನು ಒಂದು ಉಂಡೆ ಬೆಲ್ಲದ ಜೊತೆ ಸಣ್ಣ ಉರಿಯಲ್ಲಿ ಬತ್ತಿಸಿದರೆ ಕಪ್ಪಗೆ, ಮಿರಮಿರ ಮಿನುಗುವ ರಸವಾಗುತ್ತಿತ್ತು. ಅವಳು ಅದಕ್ಕಿಟ್ಟ ಹೆಸರು ಹುಳಿಜೇನು. ಬಿಸಿ ರೊಟ್ಟಿಯ ಮೇಲೆ, ಸುಟ್ಟ ಗೆಣಸಿನ ಮೇಲೆ, ಸೌತೆಕಾಯಿ ಹೋಳಿನ ಮೇಲೆ ಎಳೆ ಎಳೆಯಾಗಿ ಬಿಡುವಳು. ಪುಟ್ಟಮಾದಯ್ಯ ಮಾತ್ರ ಒಂದು ದಿನವೂ ಬೆರಳದ್ದಿದವನಲ್ಲ. "ಬೆಲ್ಲಾಗೋ ಆಲ್ನ ಕೆಡಿಸ್ತಾಳಲ್ಲ, ನನ್ನ ಮಾನ ಕಳ್ಯಕ್ಕೆ" ಎನ್ನುತ್ತಿದ್ದ.

ಪಟ್ಟಲಮ್ಮ ತೀರಿಹೋಗಿ ಎರಡು ಯುಗಾದಿ ಕಳೆದಿದ್ದವು. ಶಿವನಸಮುದ್ರದ ಕರೆಂಟು ಮನೆಯ ಕೆಲಸದವನ ಹೆಂಡತಿಯಾಗಿದ್ದ ಮಗಳು ಬಾಣಂತನಕ್ಕೆಂದು ಬಂದವಳು, ಉಂಡದ್ದೊಂದೂ ಹೊಟ್ಟೆಯಲ್ಲಿ ನಿಲ್ಲದೆ ಬಡವಾಗಿ, "ಅವ್ವನ ಹುಳಿಜೇನು ಒಂದಿದ್ದಿದ್ರೆ ರೊಟ್ಟಿ ಸೇರೋದು" ಎಂದು ಕಣ್ಣು ತುಂಬಿಕೊಂಡಿದ್ದಳು. ಪಟ್ಟಲಮ್ಮ ಕಡೆಯ ಸಲ ಕಟ್ಟಿಟ್ಟ ಜಾಡಿಯೊಂದು ಅಟ್ಟದ ಮೂಲೆಯಲ್ಲಿ ಹಾಗೇ ಕೂತಿತ್ತು. ಪುಟ್ಟಮಾದಯ್ಯನೇ ಏಣಿ ಹತ್ತಿ ಇಳಿಸಿದ. ಉಳಿದಿದ್ದದ್ದು ಅದೊಂದೇ.

ಮಡಕೆಯಿಂದ ಮೂಗಿಗೆ ಚುರ್ರೆನ್ನುವ ಹಬೆ ಎದ್ದಾಗ ದೇವಿರಮ್ಮ ಮತ್ತೆ ಆರು ವರ್ಷದ ಹುಡುಗಿಯಾಗಿದ್ದಳು. ಮಡಕೆ ಒಲೆಗೇರುತ್ತಲೇ ಅವ್ವ ಕತೆ ಶುರು ಮಾಡುತ್ತಿದ್ದಳು. ಏಳು ಕೆರೆ ದಾಟಿ ನೀರು ತರಬೇಕಾದ ಸೊಸೆಯ ಕತೆ. ಒಂದೊಂದು ಕೆರೆಯ ಏರಿಯ ಮೇಲೂ ಒಂದೊಂದು ಹಕ್ಕಿ ಅವಳನ್ನು ತಡೆದು ಒಗಟು ಕೇಳುತ್ತಿತ್ತು. ಕಡೆಗೆ ಸೊಸೆ ಮನೆ ಸೇರಿ ತುಂಬಿದ ಕೊಡ ಇಳಿಸಿದಾಗ ಅವ್ವನೂ ಮಡಕೆ ಇಳಿಸುವಳು. "ಇನ್ನೂ ನೀರಂಗೇ ಅದಲ್ಲವ್ವ" ಎಂದರೆ, "ಆರ್ಲಿ ತಡಿ" ಎನ್ನುವಳು. ಈ ಹೊತ್ತು ದೇವಿರಮ್ಮ ಆ ಕತೆಯನ್ನು ಒಂದು ಹಕ್ಕಿಯನ್ನೂ ಬಿಡದೆ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಅದು ಮುಗಿದೇಹೋಗಿತ್ತು.

ಪುಟ್ಟಮಾದಯ್ಯ ಇಳಿಸಲಿಲ್ಲ. ಬೆಲ್ಲಕ್ಕೆ ನೋಡುವ ಹಾಗೆ ಬಟ್ಟಲ ನೀರಿಗೆ ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿದ ಮೇಲೇ ಇಳಿಸಿದ. "ಇದು ಕಣವ್ವ ಪಾಕ!"

ರೊಟ್ಟಿ ಬೆಂದು ತಟ್ಟೆಗೆ ಬರುವ ಹೊತ್ತಿಗೆ ಮಡಕೆ ಆರಿತ್ತು. ಪುಟ್ಟಮಾದಯ್ಯ ಸೌಟೆತ್ತಿದ. ಸೌಟಿನ ಜೊತೆ ಮಡಕೆಯೇ ಮೇಲೆದ್ದು ಬಂತು. ಬಿಸಿನೀರು ಹುಯ್ದ, ಕಡ್ಡಿಯಲ್ಲಿ ಕೆದಕಿದ. ತಳ ಸೀದ ಕಹಿ ಎಲ್ಲಕ್ಕೂ ಹತ್ತಿತ್ತು. ದೇವಿರಮ್ಮ ಬೈಯಲಿಲ್ಲ. ಬರಿ ರೊಟ್ಟಿಯನ್ನು ಮುರಿಯುತ್ತ ಕೂತಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಗ ಅವನ ಕಣ್ಣಿಗೆ ಬಿತ್ತು ಆ ತಟ್ಟೆ. ಮಗಳು ಕೂಗಿದಾಗ ಬಿಟ್ಟಿದ್ದ ನಾಲ್ಕು ತೊಟ್ಟು, ಆರಿ, ಅಲುಗಾಡದೆ ಕಪ್ಪಗೆ ಹೊಳೆಯುತ್ತಿದ್ದವು. ತಟ್ಟೆ ವಾಲಿಸಿದ, ಜೇನಿನ ಹಾಗೆ ನಿಧಾನಕ್ಕೆ ಎಳೆಯಾಗಿ ಇಳಿದವು. ಅವನು ರೊಟ್ಟಿಯ ಚೂರಿನಲ್ಲಿ ಅಷ್ಟನ್ನೂ ಬಳಿದು ಮಗಳ ಬಾಯಿಗಿಟ್ಟ. ಅವಳು ಕಣ್ಣು ಮುಚ್ಚಿಕೊಂಡಳು. ಬೆರಳಿಗೆ ಅಂಟಿದ್ದನ್ನು ಅವನು ಮೆಲ್ಲಗೆ ನಾಲಿಗೆಗೆ ಮುಟ್ಟಿಸಿಕೊಂಡ.

"ಇಂಗಿತ್ತಾ ಇದು?" ಎಂದ. "ಇಪ್ಪತ್ತು ವರ್ಸಾನೂ ಇಂಗೇ ಇತ್ತಾ?"

"ಊಂ ಕಣಪ್ಪ. ಇಂಗೇ."

"ಆ ಕತೆ ಏಳವ್ವ. ಒಂದ್ ಹಕ್ಕೀನೂ ಬುಡ್ಬ್ಯಾಡ."

ಎಂಟು ದಿನ ಕಳೆದು ಕರಿಸಿದ್ದಯ್ಯನ ಗದ್ದೆಯಲ್ಲಿ ಆಲೆ ಹೂಡಿದರು. ಸಕ್ಕರೆಗೆ ರೇಷನ್ ಕಾರ್ಡು ಬಂದಿದ್ದ ಯುದ್ಧದ ವರ್ಷ. ಒಂದು ಅಚ್ಚು ಬೆಲ್ಲಕ್ಕೂ ಹತ್ತು ಜನ ಕಾಯುತ್ತಿದ್ದ ಕಾಲ. ಗಾಣದ ಬಾಯಿಂದ ಸುರಿಯುತ್ತಿದ್ದ ಮೊದಲ ಹಾಲಿಗೆ ಪುಟ್ಟಮಾದಯ್ಯ ಪಟ್ಟಲಮ್ಮನ ಜಾಡಿ ಒಡ್ಡಿ ನಿಂತ. ಕಬ್ಬು ಜಗಿಯಲೆಂದು ಬಂದು ಬೇಲಿಯ ಮಗ್ಗುಲಲ್ಲಿ ಕೂತಿದ್ದ ದೇವಿರಮ್ಮ ನೋಡಿದಳು: ಅಪ್ಪನ ತುಟಿ ಕೆರೆ, ಹಕ್ಕಿ ಎಂದೇನೋ ಮಣಮಣ ಅನ್ನುತ್ತಿತ್ತು.

"ಲೇ ಪುಟ್ಟಮಾದಯ್ಯ, ಕೊಪ್ಪರಿಗೆ ಅತ್ಲಾಗದೆ ಕಣ್ಲಾ!" ಎಂದು ಕರಿಸಿದ್ದಯ್ಯ ನಕ್ಕ. "ಬೆಲ್ಲ ಮಾಡೋ ಆಲ್ನ ಜಾಡಿಗ್ಯಾಕ್ಲಾ ತುಂಬ್ತಾ ಇದ್ದೀಯೆ?"

ಪುಟ್ಟಮಾದಯ್ಯ ಜಾಡಿಯ ಬಾಯಿಗೆ ಬಟ್ಟೆ ಬಿಗಿದು, ಕೂಸಿನ ಹಾಗೆ ಕಂಕುಳಿಗೆ ಎತ್ತಿಕೊಂಡ.

"ಕೆಡ್ಸಕ್ಕೆ ಕಣ್ಲಾ" ಎಂದ.