ಒಂಬತ್ತು ಮಂದಿಯ ಪೀಟರ್

ಡೆನ್ಮಾರ್ಕಿನ ಕಂಪನಿಯೊಂದಕ್ಕೆ ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಸಿಕೊಡುವ ಕಿಣಿಯವರು ಪಾಳಿಯಲ್ಲಿ ಕೂರುವ ತಮ್ಮ ಒಂಬತ್ತು ಮಂದಿಗೂ ಕಂಪ್ಯೂಟರಿನಲ್ಲಿ ಮಾಡಿದ ಒಂದೇ ಮುಖ, ಒಂದೇ ದನಿ ಕೊಟ್ಟಿದ್ದರು. ಪರದೆಯ ಮುಂದೆ ಯಾರು ಕೂತರೂ ಆಚೆಯವರಿಗೆ ಕಾಣುವುದು, ಕೇಳಿಸುವುದು ಪೀಟರ್ ಒಬ್ಬನೇ.

ಮಧ್ಯಾಹ್ನ ಅಪ್ಪ ತೀರಿಕೊಂಡ ಸುದ್ದಿ ಬಂದದ್ದೇ ಆ ಒಂಬತ್ತು ಮಂದಿಯಲ್ಲಿ ಒಬ್ಬಳಾದ ವಿಲಾಸಿನಿ ರಜೆ ಕೇಳಲು ಕಿಣಿಯವರ ಹತ್ತಿರ ಹೋದಳು.

“ಇವತ್ತು ನಿನ್ನ ಬದಲಿಗೆ ಕೂರಲಿಕ್ಕೆ ಜನ ಇಲ್ಲ, ಪೀಟರನೇ ರಜೆ ಕೇಳಬೇಕು. ಆದರೆ ಅವನ ಅಪ್ಪ ಈ ವರ್ಷ ಎರಡು ಸಲ ಸತ್ತಾಗಿದೆ ಮಾರಾಯ್ತಿ,” ಎಂದರು ಕಿಣಿ, ಪೀಟರನ ರಜೆಯ ಪಟ್ಟಿಯಿಂದ ತಲೆಯೆತ್ತದೆ. “ಹೆಂಡತಿ ಹೆತ್ತಳು ಅಂತ ಹೇಳು. ಅದು ಇನ್ನೂ ಆಗಿಲ್ಲ.”

ಅವಳ ಮೈಯೆಲ್ಲ ಉರಿಯಿತು. “ನಿಮ್ಮ ಅಪ್ಪ ಹೋದಾಗ ನೀವು ಏನು ಹೇಳಿ ರಜೆ ತೆಗೆದುಕೊಂಡದ್ದು ಸಾರ್?”

ಕಿಣಿಯವರು ಡೆನ್ಮಾರ್ಕಿಗೆ ಕರೆ ಹಚ್ಚಿ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅತ್ತ ಊರಿನಲ್ಲಿ, ಮನೆಯಂಗಳದಲ್ಲಿ ಅಪ್ಪನನ್ನು ಮಲಗಿಸಿಕೊಂಡು ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು. ವಿಲಾಸಿನಿ ಹಲ್ಲು ಕಚ್ಚಿ ಆ ಸುಳ್ಳು ಹೇಳಿದಳು. ಅವಳ ಸಿಟ್ಟು ಪೀಟರನ ಮುಖದಲ್ಲಿ ನಗುವಾಗಿ ಅರಳಿತು. ಆಚೆಯ ಮ್ಯಾನೇಜರ್ ಹೆಂಗಸು ಚಪ್ಪಾಳೆ ತಟ್ಟಿ ಮೂರು ದಿನ ರಜೆ ಕೊಟ್ಟಳು.

“ಮಗುವಿಗೆ ಏನು ಹೆಸರಿಡುತ್ತೀರಿ ಪೀಟರ್?”

ವಿಲಾಸಿನಿ ಕಿಣಿಯವರನ್ನೇ ದುರುಗುಟ್ಟಿ ನೋಡುತ್ತ ಅಪ್ಪನ ಹೆಸರು ಹೇಳಿದಳು.

“ದೂಮಪ್ಪ.”