ತಾಯಿಯ ಕೂಗು

ಕನ್ನಡಕ್ಕೆ ಡಬ್ ಆಗಿ ಬಂದ ಕೊರಿಯಾದ ರಕ್ತಪಿಶಾಚಿ ಸಿನಿಮಾವನ್ನು ವಿಮರ್ಶಕರು ಹಿಂಡಿ ಹಿಪ್ಪೆ ಮಾಡಿದರು. ಹೆದರಬೇಕಾದ ಕಡೆಯೆಲ್ಲ ಜನ ಆಕಳಿಸುತ್ತಿದ್ದರು ಎಂದು ಬರೆದರು. ಹೊಗಳಿದ್ದು ಒಂದನ್ನೇ: ಮಗಳ ಹೆಣ ಕಂಡ ತಾಯಿ ಕೂಗುವ ಕೂಗು.

"ಮಿಕ್ಕಿದ್ದೆಲ್ಲ ಬರೀ ಕೆಂಪು ನೀರು ಕಣ್ರೀ," ಎಂದರು ಹಿರಿಯ ವಿಮರ್ಶಕರು, ಡಬ್ಬಿಂಗ್ ನಿರ್ದೇಶಕನ ಎದುರು ಕೂತು. "ಆದ್ರೆ ಆ ಕೂಗು! ಮೈ ಜುಮ್ ಅಂತು. ಯಾರ್ರೀ ದನಿ ಕೊಟ್ಟೋರು?"

"ವನಮಾಲಾ ಅಂತ ಸಾರ್. ಸೀರಿಯಲ್ಲಿಗೆ ದನಿ ಕೊಡ್ತಾಳೆ. ಬೆಳಿಗ್ಗೆಯಿಂದ ಕೂಗಿಸಿದ್ರೂ ಜಿರಳೆ ಕಂಡೋಳ ಥರಾನೇ ಕಿರುಚ್ತಿದ್ಲು."

"ಮತ್ತೆ ಹೇಗೆ ಬಂತು?"

"ದನಿ ಕೊಡೋರ ಮೊಬೈಲ್ ಒಳಗೆ ಬಿಡಲ್ಲ ಸಾರ್, ನಮ್ಮ ಹತ್ರಾನೇ ಇರುತ್ತೆ. ಮಧ್ಯಾಹ್ನ ಅವಳದ್ದು ರಿಂಗಾಯ್ತು, ನಾನೇ ಎತ್ತಿದೆ. ಆಸ್ಪತ್ರೆಯಿಂದ. ಸ್ಕೂಟರಲ್ಲಿ ಹೋಗ್ತಿದ್ದ ಮಗಳಿಗೆ ಲಾರಿ ಹೊಡೆದಿತ್ತು. ಉಳಿದಿರಲಿಲ್ಲ."

"ಅಯ್ಯೋ ದೇವರೇ! ಆಕೆಗೆ ಹೇಳಿದ್ರಿ ತಾನೇ?"

"ಹೇಳ್ದೆ ಇರೋಕಾಗುತ್ತಾ ಸಾರ್?" ನಿರ್ದೇಶಕ ಕಾಫಿ ಲೋಟ ಕೆಳಗಿಟ್ಟ. "ರೆಕಾರ್ಡಿಂಗ್ ಆನ್ ಮಾಡ್ಸಿದೆ, ಸ್ವಲ್ಪ ಮೈಕ್ ಹತ್ರ ಬಾರಮ್ಮ ಅಂದೆ, ಹೇಳ್ದೆ."